ಬಸ್ಸಿನಲ್ಲಿ ಮೈ ಮುಟ್ಟಿದವನ ಮೇಲೆ ಯಾವ ಸೆಕ್ಷನ್?

ಕಲ್ಪತರುನಾಡು:
ಚಿಕ್ಕಪ್ಪನ ಮಗಳು, 19 ವರ್ಷ. ಭಾನುವಾರ ತುಮಕೂರಿನಿಂದ ಬೆಂಗಳೂರಿಗೆ ಬರುವಾಗ, ನೆಲಮಂಗಲದ ಹತ್ತಿರ, ಹಿಂದಿನ ಸೀಟಿನವನು ಸಂದಿಯಲ್ಲಿ ಕೈ ತೂರಿಸಿ ಮೈ ಸವರಿದ್ದಾನೆ. ಇವಳು ಕೂಗಿ, ಅವನ ಫೋಟೊ ತೆಗೆದಿದ್ದಾಳೆ. ಬೆಂಗಳೂರಿನ ಒಂದು ಠಾಣೆಗೆ ಹೋದ್ವಿ. "ನಮ್ಮ ಲಿಮಿಟ್ಸ್ ಅಲ್ಲ. ಹೆಚ್ಚಂದ್ರೆ 75 ಬೀಳುತ್ತೆ, ಠಾಣೆಯಲ್ಲೇ ಬೇಲ್. ಸುಮ್ನೆ ಯಾಕೆ ಓಡಾಡ್ತೀರಾ?" ಅಂದರು. ಹಳೇ 354 ಈಗ ಇಲ್ವಾ?

ಕರಿಕೋಟು:
ಇದೆ, ನಂಬರ್ ಬದಲಾಗಿದೆ ಅಷ್ಟೇ. 2024ರ ಜುಲೈ 1ರಿಂದ ಹಳೇ ಐಪಿಸಿ (ಭಾರತೀಯ ದಂಡ ಸಂಹಿತೆ) ಬದಲು ಭಾರತೀಯ ನ್ಯಾಯ ಸಂಹಿತೆ ಬಂದಿದೆ. 354 ಈಗ 74, 354ಎ ಈಗ 75. ಠಾಣೆಯವರು ಆಟ ಆಡುವುದು ಈ ಎರಡರ ನಡುವೆಯೇ. 75 ಲೈಂಗಿಕ ಕಿರುಕುಳ, ಜಾಮೀನು ಸಿಗುವ ಅಪರಾಧ, ಕನಿಷ್ಠ ಶಿಕ್ಷೆ ಅಂತ ಏನೂ ಇಲ್ಲ. 74 ಅಂದರೆ ಮಾನಭಂಗದ ಉದ್ದೇಶದಿಂದ ಬಲಪ್ರಯೋಗ. ಕನಿಷ್ಠ 1 ವರ್ಷ, ಗರಿಷ್ಠ 5 ವರ್ಷ ಜೈಲು, ಜಾಮೀನಿಗೆ ಕೋರ್ಟಿಗೇ ಹೋಗಬೇಕು. ನೀವು ಹೇಳಿದ್ದು 74ಕ್ಕೆ ಸರಿಯಾಗಿ ಕೂರುತ್ತದೆ. 75 ಜೊತೆಗಿರಲಿ, ಅದೊಂದೇ ಬೇಡ.

"ಇಷ್ಟಕ್ಕೆಲ್ಲಾ ಕೇಸಾ" ಅಂತ ಯಾರಾದರೂ ಅಂದರೆ ಕೆ.ಪಿ.ಎಸ್. ಗಿಲ್ ಪ್ರಕರಣ ನೆನಪಿಸಿ. 1988ರಲ್ಲಿ ಚಂಡೀಗಢದ ಪಾರ್ಟಿಯೊಂದರಲ್ಲಿ ಐಎಎಸ್ ಅಧಿಕಾರಿ ರೂಪನ್ ಡಿಯೋಲ್ ಬಜಾಜ್ ಅವರ ಹಿಂಭಾಗಕ್ಕೆ ಹೊಡೆದಿದ್ದಕ್ಕೆ ಪಂಜಾಬಿನ ಪೊಲೀಸ್ ಮುಖ್ಯಸ್ಥನಿಗೇ 354ರಲ್ಲಿ ಶಿಕ್ಷೆ ಆಯಿತು. ಸುಪ್ರೀಂ ಕೋರ್ಟ್ 2005ರಲ್ಲಿ ಅದನ್ನು ಎತ್ತಿಹಿಡಿಯಿತು. ಹದಿನೇಳು ವರ್ಷ ಆ ಹೆಣ್ಣುಮಗಳು ಬಿಡಲಿಲ್ಲ.

ಲಿಮಿಟ್ಸ್ ಅನ್ನೋದು ನೆಪ. ಘಟನೆ ಬೇರೆ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ದಾಖಲಿಸುವ ಝೀರೋ ಎಫ್‌ಐಆರ್ ಇದೆ. ಅದನ್ನು ಎಲ್ಲಿ ಬೇಕಾದರೂ ಬರೆಸಬಹುದು, ಅವರೇ ನೆಲಮಂಗಲದ ಕಡೆಗೆ ಕಳಿಸುತ್ತಾರೆ. ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. 74ರ ದೂರು ದಾಖಲಿಸದ ಪೊಲೀಸರಿಗೆ ಸೆಕ್ಷನ್ 199ರಲ್ಲಿ 6 ತಿಂಗಳಿಂದ 2 ವರ್ಷ ಜೈಲಿದೆ. 75 ಆ ಪಟ್ಟಿಯಲ್ಲೇ ಇಲ್ಲ! ಈಗ ಗೊತ್ತಾಯ್ತಲ್ವಾ, ಅವರಿಗೆ 75 ಯಾಕೆ ಇಷ್ಟ ಅಂತ.

ಹಾಸನದವಳು:
ಮೇಡಂ, ಹುಡುಗಿಗೆ 17 ಆಗಿದ್ದರೆ? ಬಟ್ಟೆ ಮೇಲಿಂದ ಮುಟ್ಟಿದ್ದು ಲೆಕ್ಕಕ್ಕಿಲ್ಲ ಅಂತ ಎಲ್ಲೋ ಓದಿದ್ದೆ.

ಕರಿಕೋಟು:
ಅದು ಬಾಂಬೆ ಹೈಕೋರ್ಟಿನ ನಾಗಪುರ ಪೀಠದ ತೀರ್ಪು. 2021ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಉದ್ದೇಶ ಮುಖ್ಯ, ಬಟ್ಟೆ ಅಲ್ಲ. 18 ತುಂಬದಿದ್ದರೆ ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ) ಸೇರುತ್ತದೆ, ಅದರ ಸೆಕ್ಷನ್ 8ರಲ್ಲಿ ಕನಿಷ್ಠವೇ 3 ವರ್ಷ.  

ಕಲ್ಪತರುನಾಡು:
ಮೂರು ದಿನ ಆಗೋಯ್ತಲ್ಲ ಮೇಡಂ, ತೊಂದರೆ ಇಲ್ವಾ?

ಕರಿಕೋಟು:
ತಡಕ್ಕೆ ಕಾರಣ ಇದೆಯಲ್ಲ, ಠಾಣೆಯಿಂದ ವಾಪಸ್ ಕಳಿಸಿದ್ದು. ಅದನ್ನೂ ದೂರಿನಲ್ಲಿ ಬರೆಯಿರಿ, ಟಿಕೆಟ್ ಇದ್ದರೆ ಜೋಪಾನ. ಫೋಟೊ ಡಿಲೀಟ್ ಮಾಡಬೇಡಿ, ವಾಟ್ಸ್ಆ್ಯಪ್ ಸ್ಟೇಟಸ್‌ಗೂ ಹಾಕಬೇಡಿ. ಎಫ್‌ಐಆರ್ ಪ್ರತಿ ಉಚಿತ. ಠಾಣೆ ಬಿಡುವ ಮೊದಲು ಅದರಲ್ಲಿ 74 ಇದೆಯಾ ಅಂತ ನೋಡಿ. ಮತ್ತೆ ವಾಪಸ್ ಕಳಿಸಿದರೆ ದೂರನ್ನು ಎಸ್‌ಪಿ ಅಥವಾ ಕಮಿಷನರ್‌ಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಇದ್ದಾರೆ.