ಸೊಂಟದ ಎಣ್ಣಿ ಒಣಗೇತಂತ!

ಗುಂಪು: ಬೇಟಗೇರಿ ಮನಿತನ

ಬೆಳಿಗ್ಗೆ 6:12
ಗದಗ ಕಾಕಾ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಎಚ್ಚರ! ಸೊಂಟದ ಪಕ್ಕ ನೋವೇ? ಇದೇ ಬರ್ಸೈಟಿಸ್! ಕೀಲಿನ ಎಣ್ಣೆ ಒಣಗಿದೆ ಎಂದರ್ಥ. ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿ, ನೋವಿನ ಜಾಗವನ್ನು ಬಲವಾಗಿ ತಿಕ್ಕಿ, ಪದ್ಮಾಸನದಲ್ಲಿ 20 ನಿಮಿಷ ಕುಳಿತುಕೊಳ್ಳಿ. 7 ದಿನದಲ್ಲಿ ಮಾಯ! 10 ಜನರಿಗೆ ಕಳಿಸಿ.

ಗದಗ ಕಾಕಾ: ಅಕ್ಕಾ, ನಿನ್ನ ಸಲುವಾಗೇ ಹಾಕೇನಿ.

6:20
ಹಾವೇರಿ ಅತ್ತಿ: ಎಡ ಮಗ್ಗಲಾ ಮಲಗಾಕ ಆಗವಲ್ದು ಅಂತ ನಿನಗಷ್ಟ ಹೇಳಿದ್ದೆ. ಊರಿಗೆಲ್ಲಾ ಡಂಗುರ ಹೊಡದ್ಯಾ?

ಧಾರವಾಡ ಪಿಂಟ್ಯಾ: ಮೂಲ ಎಲ್ಲೈತಿ ಕಾಕಾ? ಯಾವ ಡಾಕ್ಟರ್? ಯಾವ ಪತ್ರಿಕಿ?

ಗದಗ ಕಾಕಾ: ಬಂದಾ ನೋಡ್ರಿ ಸಿಬಿಐ.

ಧಾರವಾಡ ಪಿಂಟ್ಯಾ: ಲಾಕ್‌ಡೌನ್‌ದಾಗ ಬೆಳ್ಳುಳ್ಳಿ ನೀರು ಕುಡಿಸಿದವರು ನೀವೇ. ಇನ್ನೂ ಡೇಗು ಬರ್ತಾವ.

ಹುಬ್ಬಳ್ಳಿ ದೊಡ್ಡಪ್ಪ: ಶುಭೋದಯ. ಈಗಿನವರಿಗೆ ಕುರ್ಚಿ ಬೇಕು, ಸೋಫಾ ಬೇಕು. ಅಪ್ಪ ಗುಳಿಮಗ್ಗದಾಗ ದಿನಾ 10 ತಾಸು ಕುಂತ. ಅವಗ ಯಾವ ಬರ್ಸೈಟಿಸ್ ಇತ್ತು?

7:05
ಫಿಜಿಯೋ ವೈನಿ: ದೊಡ್ಡಪ್ಪಾರ, ಕುಂತ ಕೆಲಸಾ ಮಾಡವರ ಬರ್ಸೈಟಿಸ್‌ಗೆ ಇಂಗ್ಲಿಷಿನಾಗ ನೇಕಾರರ ಹೆಸರ ಇಟ್ಟಾರ್ರೀ, ವೀವರ್ಸ್ ಬಾಟಮ್ ಅಂತ. ಆದ್ರ ಅದು ಕುಂದ್ರು ಎಲುಬಿನ ಕೆಳಗಿಂದು. ಅತ್ಯಾರದು ಪಕ್ಕದ್ದಿರಬೇಕು.

ಫಿಜಿಯೋ ವೈನಿ: ಮತ್ತ ಎಣ್ಣಿ ಒಣಗೂದು ಸುಳ್ಳು. ಬರ್ಸಾ ಅಂದ್ರ ಲ್ಯಾಟಿನ್‌ದಾಗ ಸಂಚಿ. ಖಾಲಿ ಅಡಿಕಿ ಸಂಚಿ ಎರಡು ಬೆರಳಾಗ ಹಿಡದು ತಿಕ್ಕಿ ನೋಡ್ರಿ, ಪದರಾ ಒಂದರ ಮ್ಯಾಲ ಒಂದು ಜಾರ್ತಾವ. ಎಲುಬಿಗೂ ಟೆಂಡನ್‌ಗೂ (ಸ್ನಾಯುವನ್ನ ಎಲುಬಿಗೆ ಕಟ್ಟೂ ಹುರಿ) ನಡುವ ಅದರ ಕೆಲಸ ಅಷ್ಟ. ಒತ್ತಡ ಹೆಚ್ಚಾದ್ರ ಒಳಗ ನೀರು ತುಂಬಿ ಗೋಡಿ ದಪ್ಪ ಆಗ್ತೈತಿ, ಅದೇ ಬರ್ಸೈಟಿಸ್. ಒಣಗೂದಲ್ಲ, ಉಲ್ಟಾ. ಭಾಳ ಮಂದಿಗೆ ಸಂಚಿಗಿಂತ ಅದರ ಮ್ಯಾಲಿನ ಗ್ಲೂಟಿಯಸ್ (ಕುಂಡಿ ಸ್ನಾಯು) ಟೆಂಡನ್ನೇ ಕೆಟ್ಟಿರ್ತೈತಿ. 40 ದಾಟಿದ ಹೆಣ್ಮಕ್ಕಳಾಗ ಹೆಚ್ಚು.

7:11
ಹಾವೇರಿ ಅತ್ತಿ: ಸಂಚಿ ಅಂದಕೂಡ್ಲೆ ಅವ್ವನ ಸಂಚಿ ಕಣ್ಮುಂದ ಬಂತು. ಗುಳೇದಗುಡ್ಡದ ಖಣದ್ದು, ನಾಕ ಪದರ. ಒಂದರಾಗ ಸುಣ್ಣದ ಡಬ್ಬಿ, ಒಂದರಾಗ ಲವಂಗ, ತಳದಾಗ ನಮಗ ಕಾಣದಂಗ ನಾಕಾಣೆ. ಅದು ಈಗ ಯಾರ ಹತ್ರ ಐತಿ? ರೊಟ್ಟಿ ಬಡಿಯೂ ಮುಂದ ಅವ್ವ ಕುಂದ್ರತಿದ್ದ ಹಲಸಿನ ಮಣಿ ಯಾರ ಹತ್ರ ಐತಿ?

ಗದಗ ಕಾಕಾ: ಮತ್ತ ಮಣಿ ಪುರಾಣ ಶುರು ಆತು.

ಹುಬ್ಬಳ್ಳಿ ದೊಡ್ಡಪ್ಪ: ಹಂಚಿಕಿ ನನ್ನ ಮುಂದ ಆಗೇತಿ. ಅದನ್ನ ಕೆದಕಬ್ಯಾಡ್ರಿ.

ಧಾರವಾಡ ಪಿಂಟ್ಯಾ: ವೈನಿ, ನಿಮಗೂ ಅದೇ ಪ್ರಶ್ನೆ. ಮೂಲ?

7:40
ಫಿಜಿಯೋ ವೈನಿ: ಹೇಳ್ತೇನಿ ತಡಿ. ಮೊದಲ ಅತ್ಯಾರ, ನೋವು ಎಲ್ಲೈತಿ ಒಂದ ಬೆರಳಿಟ್ಟು ತೋರಸ್ರಿ. ತೊಡಿ ಹೊರಗಡೆ ಕೈಗೆ ಸಿಗೂ ಎಲುಬಿನ ಗುಬ್ಬಿ ಮ್ಯಾಲ ಬೆರಳು ಹೋದ್ರ ಈ ಸಂಚಿ, ಟೆಂಡನ್‌ದ ತ್ರಾಸು. ತೊಡಿ ಸಂದಿಯೊಳಗ ನೋವಿದ್ದು, ಕಾಲ ಮ್ಯಾಲೆತ್ತಿ ಉಗುರು ಕತ್ತರಿಸಾಕ ತ್ರಾಸಾದ್ರ ಒಳಗಿನ ಕೀಲು ನೋಡಬೇಕು. ಮೊಣಕಾಲ ಕೆಳಗೂ ಜುಮುಜುಮು ಇಳದ್ರ ಬೆನ್ನು. ಆಮ್ಯಾಲ ಗೋಡಿಗೆ ಒಂದ ಬೆರಳು ಹಚ್ಚಿ ನೋವಿನ ಕಾಲ ಮ್ಯಾಲ 30 ಸೆಕೆಂಡ್ ನಿಲ್ರಿ. ಅಷ್ಟರಾಗ ಅದೇ ಪಕ್ಕದ ನೋವು ಎದ್ದರ ಅನುಮಾನ ಗಟ್ಟಿ.

ಫಿಜಿಯೋ ವೈನಿ: ಬಿದ್ದ ಮ್ಯಾಲ ಕಾಲ ಊರಾಕ ಆಗದಿದ್ರ, ಜ್ವರ ಇದ್ರ, ಜಾಗಾ ಕೆಂಪಾಗಿ ಬಿಸಿ ಆದ್ರ, ತೂಕ ಇಳೀತಿದ್ರ ಮನ್ಯಾಗ ಏನೂ ಮಾಡಬ್ಯಾಡ್ರಿ, ದವಾಖಾನಿ.

ಹಾವೇರಿ ಅತ್ತಿ: ಗುಬ್ಬಿ ಮ್ಯಾಲೇ. 14 ಎಣಿಸೂದ್ರಾಗ ನೋವು ಎದ್ತು. ಬಲ ಮಗ್ಗಲಾ ಮಲಗಿದ್ರೂ ಎಡಕ್ಕ ನೋವು ಯಾಕ?

ಫಿಜಿಯೋ ವೈನಿ: ಮ್ಯಾಲಿನ ಮೊಣಕಾಲು ಮುಂದ ಜೋತು ಬೀಳ್ತೈತಿ, ಟೆಂಡನ್ ಎಲುಬಿನ ಮ್ಯಾಲ ಬಿಗಿದು ಒತ್ತತೈತಿ. ಎರಡೂ ಮೊಣಕಾಲ ನಡುವ ದಪ್ಪ ದಿಂಬು, ಹಿಮ್ಮಡಿ ತನಕಾ ಬರಬೇಕು. ಇಲ್ಲಾ ಅಂಗಾತ ಮಲಗ್ರಿ. ಈ ಒತ್ತಡ ತಪ್ಪಸೂದೇ ಅರ್ಧ ಔಷಧ. ಕಾಲ ಮ್ಯಾಲ ಕಾಲು ಹಾಕಬ್ಯಾಡ್ರಿ, ಗ್ಯಾಸ್ ಕಟ್ಟಿ ಮುಂದ ಒಂದ ಸೊಂಟದ ಮ್ಯಾಲ ಭಾರ ಹಾಕಿ ನಿಲ್ಲಬ್ಯಾಡ್ರಿ. ಫಾರ್ವರ್ಡಿನಾಗಿನ ಪದ್ಮಾಸನ, ತಿಕ್ಕೂದು ಎರಡೂ ನೋವು ಹೆಚ್ಚು ಮಾಡ್ತಾವ. ಎಕ್ಕಿ ಹಾಲು ಚರ್ಮಕ್ಕ ಬೊಬ್ಬಿ ಎಬ್ಬಸ್ತೈತಿ, ಕಣ್ಣಿಗೆ ಹಾರಿದ್ರಂತೂ ಕೇಳಬ್ಯಾಡ್ರಿ.

ಗದಗ ಕಾಕಾ: ಎಲ್ಲಾ ಬ್ಯಾಡ ಬ್ಯಾಡ ಬ್ಯಾಡ. ಒಂದ ಇಂಜೆಕ್ಷನ್ ಹಾಕಿಸಿದ್ರ ಮುಗೀತಲ್ಲ!

8:15
ಫಿಜಿಯೋ ವೈನಿ: ಪಿಂಟ್ಯಾ, ಇದೇ ನಿನ್ನ ಮೂಲ. 2018, ಬ್ರಿಟಿಷ್ ಮೆಡಿಕಲ್ ಜರ್ನಲ್, ಆಸ್ಟ್ರೇಲಿಯಾದ ಪ್ರಯೋಗ, 204 ಮಂದಿ. 8 ವಾರಕ್ಕ ಸುಧಾರಿಸೇತಿ ಅಂದವರು ತಿಳಿವಳಿಕಿ ಜೊತಿ ವ್ಯಾಯಾಮ ಮಾಡಿದವರಾಗ 100ಕ್ಕ 77, ಸ್ಟಿರಾಯ್ಡ್ ಇಂಜೆಕ್ಷನ್‌ನವರಾಗ 58, ಸುಮ್ನಿದ್ದವರಾಗ 29. ವರ್ಷದ ಮ್ಯಾಲ 79, 58, 52. ನೋವು ತಡಕೊಳ್ಳಾಕ ಆಗದಿದ್ರ ಇಂಜೆಕ್ಷನ್ ಇರ್ಲಿ, ಆದ್ರ ಅತ್ಯಾರಿಗೆ ಶುಗರ್ ಐತಿ, ಕೆಲವು ದಿನ ಏರ್ತೈತಿ. ಡಾಕ್ಟರ್‌ಗೆ ಮೊದಲ ಹೇಳಬೇಕು.

ಗದಗ ಕಾಕಾ: ನಿಲ್ರಿ ನಿಲ್ರಿ. ಏನೂ ಮಾಡದವರೂ 52 ಆರಾಮ ಆದ್ರಲ್ಲ? ಅವರು ಎಕ್ಕಿ ಎಲಿ ಕಟ್ಟಿದ್ರ ಎಕ್ಕಿದೇ ಪ್ರತಾಪ ಅಂತಿದ್ರು!

ಧಾರವಾಡ ಪಿಂಟ್ಯಾ: ಕಾಕಾ, ನಿಮ್ಮ ಫಾರ್ವರ್ಡ್ ಸುಳ್ಳು ಯಾಕಂತ ನೀವೇ ಹೇಳಿದ್ರಿ ಈಗ.

ಗದಗ ಕಾಕಾ: ಈ ಸಂದೇಶವನ್ನು ಅಳಿಸಲಾಗಿದೆ

ಹುಬ್ಬಳ್ಳಿ ದೊಡ್ಡಪ್ಪ: ದೊಡ್ಡವರ ಜೋಡಿ ಹಿಂಗ ಮಾತಾಡೂದಾ? ಮದಿವ್ಯಾಗೂ ಇವನು ಹಿಂಗ ಮಾಡಿದ್ದ. ನಡದು ಅಭ್ಯಾಸ ಮಾಡ್ರಿ ಎಲ್ಲಾರೂ. ನಾನು ಉಣಕಲ್ ಕೆರಿ ದಂಡಿಗೆ 4 ಸುತ್ತು ಹಾಕೇ ಚಾ ಕುಡಿಯೂದು.

ಫಿಜಿಯೋ ವೈನಿ: ಅತ್ಯಾರಿಗೆ ಸದ್ಯಕ್ಕ ಬ್ಯಾಡ್ರೀ. ನಡಿಗಿ ಪೂರಾ ಬಿಡೂದಲ್ಲ, ಅರ್ಧ ಮಾಡ್ರಿ, ಹೆಜ್ಜಿ ಸಣ್ಣ, ಏರು ಬ್ಯಾಡ. ಕೋಲು ಹಿಡದ್ರ ಬಲಗೈಯಾಗ, ಅಂದ್ರ ನೋವಿನ ಎದುರು ಕೈಯಾಗ. ಎಲ್ಲಾರೂ ತಪ್ಪೂದು ಇಲ್ಲೇ.

9:02
ಫಿಜಿಯೋ ವೈನಿ: ವ್ಯಾಯಾಮ: ಅಂಗಾತ ಮಲಗಿ ಮೊಣಕಾಲು ಮಡಚ್ರಿ. ಮೊಣಕಾಲಿನ ಸ್ವಲ್ಪ ಮ್ಯಾಲ ಹಳೆ ಧೋತರ ಸುತ್ತಿ ಗಂಟ ಹಾಕ್ರಿ. ಎರಡೂ ಮೊಣಕಾಲಿಂದ ಹೊರಗ ಮೆಲ್ಲಕ ಒತ್ರಿ, ಕಾಲು ಸರೀಬಾರದು. 10 ಸೆಕೆಂಡ್, 8 ಸಲ, ದಿನಾ ಎರಡು ಹೊತ್ತು. ವಾರ ಆದಮ್ಯಾಲ ಅದೇ ಭಂಗಿಯಾಗ ಕುಂಡಿ ಎತ್ತಿ ಇಳಸೂದು, 10ರಂತೆ ಎರಡು ಸಲ. ಆಮ್ಯಾಲ ಎತ್ತರದ ಕುರ್ಚಿಯಿಂದ ಎದ್ದು ಕುಂದ್ರೂದು, ಕಡೀಕ ಒಂದ ಮೆಟ್ಟಲ ಹತ್ತಿ ಇಳಿಯೂದು. ನೋವು 10ಕ್ಕ 4 ದಾಟಬಾರದು. ಮರುದಿನ ಬೆಳಿಗ್ಗೆ ಹೆಚ್ಚಾಗಿದ್ರ ನಿನ್ನಿದು ಅತಿ ಆತು ಅಂತ ತಿಳದು ಕಡಿಮಿ ಮಾಡ್ರಿ. ನೋವು ಇಳೀತು ಅಂತ ನಾಕನೇ ವಾರಕ್ಕ ಬಿಡಬ್ಯಾಡ್ರಿ, 8 ವಾರ ಬೇಕ ಬೇಕು.

ಬೆಂಗಳೂರು ತಂಗಿ: ಯಾರಿಗೇನಾತು? 41 ಮೆಸೇಜ್ ಅದಾವ, ಓದಿಲ್ಲ. ಗೆಟ್ ವೆಲ್ ಸೂನ್ ದೊಡ್ಡಪ್ಪಾ.

ಹುಬ್ಬಳ್ಳಿ ದೊಡ್ಡಪ್ಪ: ನಾ ಗಟ್ಟಿ ಅದೇನಿ.

ಹಾವೇರಿ ಅತ್ತಿ: ಧೋತರ ಹುಡಿಕೇನಿ. ಕೆಳಗ ಕುಂತು ರೊಟ್ಟಿ ಬಡಿಬಹುದಾ?

ಫಿಜಿಯೋ ವೈನಿ: ಒಂದ ಕಾಲ ಮಡಚಿ, ಇನ್ನೊಂದು ಮೊಣಕಾಲು ಅದರ ಮ್ಯಾಲ ಹಾಯಿಸಿ ಕುಂದ್ರತೀರಲ್ಲ, ಅದರಷ್ಟು ಟೆಂಡನ್ ಬಿಗಿಯೂ ಭಂಗಿ ಇನ್ನೊಂದಿಲ್ರೀ. ಎರಡು ತಿಂಗಳು ನಿಂತ ಬಡೀರಿ. ಇಲ್ಲಾ ಕುರ್ಚಿ, ಮೊಣಕಾಲಿಗಿಂತ ಸೊಂಟ ಎತ್ತರ ಇರ್ಲಿ. ತಗ್ಗಿನ ಮಣಿ ಅಂತೂ ಬ್ಯಾಡೇ ಬ್ಯಾಡ.

9:09
ಗದಗ ಕಾಕಾ: ಕೇಳಿದೆ ಏನ ಅಕ್ಕಾ? ವೈದ್ಯರ ಅಪ್ಪಣಿ. ಮಣಿ ಇಲ್ಲೇ ಇರ್ಲಿ.

ಹಾವೇರಿ ಅತ್ತಿ: ಎರಡು ತಿಂಗಳು ಅಂದಾಳ. ದಿನಾ ಎಣಸ್ತೇನಿ ತಮ್ಮಾ.