ನಿಂತುಹೋದ ಪ್ರಾರ್ಥನೆ ಮತ್ತು ಸತ್ಯವೇದದ ಓದಿಗೆ ಮರಳುವುದು: ದೇಹಸಾಧನೆಯಿಂದ ಕಲಿಯಬಹುದೇ?

ಪ್ರಶ್ನೆ

ಸಹೋದರ ಸಹೋದರಿಯರಿಗೆ ವಂದನೆಗಳು. ಸತ್ಯವೇದದ, ಅಂದರೆ ಬೈಬಲಿನ, 1,189 ಅಧ್ಯಾಯಗಳನ್ನು ಒಂದೇ ವರ್ಷದಲ್ಲಿ ಓದಿ ಮುಗಿಸಬೇಕೆಂದು ನಿಶ್ಚಯಿಸಿ, ದಿನಕ್ಕೆ ಮೂರು ನಾಲ್ಕು ಅಧ್ಯಾಯಗಳಂತೆ ಬೆಳಗಿನ ಪ್ರಾರ್ಥನೆಯ ಜೊತೆಗೆ ಓದುತ್ತ ಬಂದಿದ್ದೆ. ಅದರ ಮೂರನೆಯ ಪುಸ್ತಕವಾದ ಯಾಜಕಕಾಂಡಕ್ಕೆ ಬರುವಷ್ಟರಲ್ಲಿ ಓದು ಕುಂಟತೊಡಗಿತು. ಅದರ ಮೇಲೆ ಜ್ವರ ಬಂದು ಹನ್ನೆರಡು ದಿನ ಪುಸ್ತಕ ಮುಟ್ಟಲಾಗಲಿಲ್ಲ. ಈಗ ಸುಮಾರು ನಲವತ್ತು ಅಧ್ಯಾಯಗಳು ಬಾಕಿ ಇವೆ. ಗುರುತಿಗೆ ಇಟ್ಟ ಕೆಂಪು ದಾರ ಇನ್ನೂ ಹದಿಮೂರನೆಯ ಅಧ್ಯಾಯದಲ್ಲೇ, ಕುಷ್ಠದ ವಿಧಿಗಳ ನಡುವೆ ಇದೆ. ಅದನ್ನು ಕಂಡಾಗಲೆಲ್ಲ ಪುಸ್ತಕವನ್ನು ಮುಚ್ಚಿಬಿಡುತ್ತೇನೆ, ಪ್ರಾರ್ಥನೆಗೂ ಬಾಯಿ ಬರುವುದಿಲ್ಲ.

ನನಗೇ ಅರ್ಥವಾಗದ ಸಂಗತಿಯೊಂದಿದೆ. ಅದೇ ಜ್ವರದಿಂದ ನನ್ನ ಬೆಳಗಿನ ಓಟವೂ ನಿಂತಿತ್ತು. ಆದರೆ ಓಟಕ್ಕೆ ಮರಳುವಾಗ ನನಗೆ ಯಾವ ನಾಚಿಕೆಯೂ ಆಗಲಿಲ್ಲ. ದೇವರ ಬಳಿಗೆ ಮರಳುವುದು ಮಾತ್ರ ಏಕೆ ಇಷ್ಟು ಕಷ್ಟವಾಗಿದೆ? ನಂಬಿಕೆಯನ್ನು ವ್ಯಾಯಾಮಕ್ಕೆ ಹೋಲಿಸುವುದಾದರೂ ಸರಿಯೇ?

ಉತ್ತರ 1

ಓಟವನ್ನು ಹಲವು ವರ್ಷ ಕಲಿಸಿದವನಾಗಿ ಒಂದು ಪ್ರಶ್ನೆಯನ್ನು ಕೇಳುತ್ತೇನೆ. ಜ್ವರದಿಂದ ಎದ್ದ ಮೊದಲ ದಿನ ನೀವು ಹನ್ನೆರಡು ದಿನಗಳ ಬಾಕಿ ಕಿಲೋಮೀಟರುಗಳನ್ನೆಲ್ಲ ಒಟ್ಟಿಗೆ ಓಡಿದಿರಾ? ಖಂಡಿತ ಇಲ್ಲ. ತಪ್ಪಿದ ಓಟಗಳನ್ನು ಯಾವ ತರಬೇತುದಾರನೂ ಸಾಲದಂತೆ ವಸೂಲಿ ಮಾಡುವುದಿಲ್ಲ. ಎರಡು ಮೂರು ವಾರ ಅಭ್ಯಾಸ ನಿಂತರೆ ಉಸಿರಿನ ಸಾಮರ್ಥ್ಯ ಇಳಿಯುತ್ತದೆಂಬುದು ನಿಜ. ಆದ್ದರಿಂದಲೇ ಮರಳಿದವನಿಗೆ ಮೊದಲು ಕಡಿಮೆ ದೂರವನ್ನೂ ನಿಧಾನದ ವೇಗವನ್ನೂ ಕೊಡುತ್ತೇವೆ. ಹಿಂದೆ ಚೆನ್ನಾಗಿ ಪಳಗಿದ ದೇಹವಾದರೆ, ಹೊಸಬನಿಗೆ ಹಿಡಿಯುವುದಕ್ಕಿಂತ ಕಡಿಮೆ ಸಮಯದಲ್ಲೇ ಅದು ಹಳೆಯ ಹದಕ್ಕೆ ಬರುತ್ತದೆ.

ನಿಮ್ಮನ್ನು ತಡೆಯುತ್ತಿರುವುದು ಆ ನಲವತ್ತು ಅಧ್ಯಾಯಗಳ ಲೆಕ್ಕ. ದಯವಿಟ್ಟು ಆ ದಾರವನ್ನು ತೆಗೆದುಬಿಡಿ. ಸತ್ಯವೇದದ ಕೀರ್ತನೆಗಳ ಪುಸ್ತಕದಲ್ಲಿ ಎಂಟೇ ವಚನಗಳಿರುವ 121ನೆಯ ಕೀರ್ತನೆಯನ್ನು ಒಂದು ವಾರ ದಿನವೂ ಗಟ್ಟಿಯಾಗಿ ಓದಿ, ಐದು ನಿಮಿಷ ಮೊಣಕಾಲೂರಿ, ಎದ್ದುಬನ್ನಿ. ಇನ್ನೂ ಓದಬೇಕೆನಿಸಿದರೂ ಮೊದಲ ವಾರ ಅಷ್ಟಕ್ಕೇ ನಿಲ್ಲಿಸಿ. ಹುರುಪಿನಲ್ಲಿ ಮಿತಿಮೀರಿ ಮರುದಿನ ಕಾಲೆತ್ತಲಾಗದೆ ಕುಳಿತವರನ್ನು ನಾನು ಬಹಳ ಕಂಡಿದ್ದೇನೆ.

ಉತ್ತರ 2

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರಿಸಲು ಬಯಸುತ್ತೇನೆ. ಈ ಹೋಲಿಕೆ ಕ್ರಿಸ್ತನ ಸಂದೇಶವನ್ನು ಸಾರಿದ ಅಪೊಸ್ತಲನಾದ ಪೌಲನದೇ. ಗ್ರೀಸಿನ ಕೊರಿಂಥ ಪಟ್ಟಣದ ಸಮೀಪದಲ್ಲಿ ಎರಡು ವರ್ಷಕ್ಕೊಮ್ಮೆ ಇಸ್ತ್ಮಿಯ ಕ್ರೀಡೆಗಳು ನಡೆಯುತ್ತಿದ್ದವು. ಗೆದ್ದವನ ತಲೆಗೆ ಏರುತ್ತಿದ್ದದ್ದು ಕೆಲವೇ ದಿನಗಳಲ್ಲಿ ಬಾಡಿಹೋಗುವ ಎಲೆಗಳ ಕಿರೀಟ. ಅಲ್ಲಿಯ ಕ್ರೈಸ್ತ ಸಭೆಗೆ ಬರೆದ ಮೊದಲ ಪತ್ರಿಕೆಯ, ಅಂದರೆ ಪತ್ರದ, ಒಂಬತ್ತನೆಯ ಅಧ್ಯಾಯದಲ್ಲಿ ಅವನು ಬಾಡುವ ಜಯಮಾಲೆಯನ್ನೂ ಬಾಡದ ಜಯಮಾಲೆಯನ್ನೂ ಎದುರುಬದುರಾಗಿ ಇಟ್ಟು ಮಾತಾಡಿದಾಗ, ಓದುಗರ ಕಣ್ಣಿಗೆ ಅದು ಕಟ್ಟಿದಂತೆ ಕಂಡಿರಬೇಕು. ತನ್ನ ಕಿರಿಯ ಜೊತೆಗಾರನಾದ ತಿಮೊಥೆಯನಿಗೆ ‘ಭಕ್ತಿಯಲ್ಲಿ ಸಾಧನೆ ಮಾಡು’ ಎಂದು ಹೇಳುವಾಗ ಬಳಸಿರುವ ಗ್ರೀಕ್ ಕ್ರಿಯಾಪದದ ಮೂಲವೂ, ನಮ್ಮ ಬಾಯಲ್ಲಿರುವ ‘ಜಿಮ್’ ಎಂಬ ಮಾತಿನ ಮೂಲವೂ ಒಂದೇ.

ಆದರೂ ಹೋಲಿಕೆಗೆ ಒಂದು ಎಲ್ಲೆಯಿದೆ, ಇದನ್ನು ನಾನು ಒತ್ತಿ ಹೇಳಬೇಕಾಗಿದೆ. ಓಟಗಾರನು ಓಡಿ ಕಿರೀಟವನ್ನು ಸಂಪಾದಿಸುತ್ತಾನೆ. ನಾವಾದರೋ ಕ್ರಿಸ್ತನ ಪ್ರೀತಿಯನ್ನು ಅಧ್ಯಾಯಗಳ ಲೆಕ್ಕದಿಂದ ಸಂಪಾದಿಸುವುದಿಲ್ಲ. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ, ರಕ್ಷಣೆಯನ್ನು ಸಾಧಿಸಿಕೊಳ್ಳಿರಿ ಎಂದ ಕೂಡಲೇ, ಇಚ್ಛೆಯನ್ನೂ ಕಾರ್ಯವನ್ನೂ ನಿಮ್ಮಲ್ಲಿ ಉಂಟುಮಾಡುವವನು ದೇವರೇ ಎಂದು ಪೌಲನು ಸೇರಿಸುತ್ತಾನೆ. ಹನ್ನೆರಡು ದಿನ ನೀವು ಮೌನವಾಗಿದ್ದಾಗಲೂ ಆತನು ನಿಮ್ಮನ್ನು ಕೈಬಿಟ್ಟಿರಲಿಲ್ಲ. ನಿಮ್ಮ ನಾಚಿಕೆಗೆ ಕಾರಣ, ನನಗೆ ತೋಚುವಂತೆ, ತಂದೆಯಾದ ದೇವರನ್ನು ಸಾಲಗಾರನ ಮನೆಬಾಗಿಲಲ್ಲಿ ನಿಂತ ಧಣಿಯೆಂದು ಎಣಿಸಿಕೊಂಡದ್ದು.

ಉತ್ತರ 3

ಮೊದಲ ಉತ್ತರಕ್ಕೆ ಒಂದು ಮಾತನ್ನು ಕೂಡಿಸುತ್ತೇನೆ. ಸ್ನಾಯು ಬಲಗೊಳ್ಳುವುದು ಭಾರ ಎತ್ತುವ ಕ್ಷಣದಲ್ಲಲ್ಲ, ಆಮೇಲಿನ ಊಟ ಮತ್ತು ನಿದ್ರೆಯ ಹೊತ್ತಿನಲ್ಲಿ. ಪ್ರವಾದಿಯಾದ ಎಲೀಯನು ಅಡವಿಯಲ್ಲಿ ಗಿಡದ ಕೆಳಗೆ ಕುಳಿತು ಸಾವನ್ನು ಬೇಡಿದಾಗ ದೇವದೂತನು ಅವನನ್ನು ಗದರಿಸಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ನೀರನ್ನೂ ಕೊಟ್ಟು, ಮತ್ತೆ ಮಲಗಲು ಬಿಟ್ಟು, ಎರಡನೆಯ ಬಾರಿ ತಟ್ಟಿ ಎಬ್ಬಿಸಿ, ದಾರಿ ದೂರವಿದೆ, ಎದ್ದು ಊಟಮಾಡು ಎಂದನು. ಜ್ವರದ ಹನ್ನೆರಡು ದಿನಗಳನ್ನು ನೀವು ಬೀಳುವಿಕೆ ಎಂದು ಎಣಿಸುತ್ತಿದ್ದೀರಿ. ನಾನು ಹಾಗೆ ಎಣಿಸಲಾರೆ.

ಮರಳಿದ ಮೇಲೂ ಕೆಲವು ದಿನ ಪ್ರಾರ್ಥನೆ ಒಣಗಿದಂತೆಯೇ ಇರಬಹುದು. ವ್ಯಾಯಾಮ ಆರಂಭಿಸಿದವನ ಬಲವೂ ಮೊದಲ ಕೆಲವು ವಾರ ತೋಳಿನ ಗಾತ್ರದಲ್ಲಿ ಕಾಣುವುದಿಲ್ಲ. ಆಗ ಹೆಚ್ಚಾಗಿ ಕಲಿಯುತ್ತಿರುವುದು ನರಗಳು. ನನ್ನ ತಾಯಿ ತೀರಿಕೊಂಡ ವರ್ಷ ತಿಂಗಳುಗಟ್ಟಲೆ ನಾನು ಯೇಸು ಕಲಿಸಿದ ಕರ್ತನ ಪ್ರಾರ್ಥನೆಯನ್ನು ಮಾತ್ರ, ಅದೂ ಮರದ ತುಂಡಿನಂತಹ ಮನಸ್ಸಿನಿಂದ, ಹೇಳುತ್ತಿದ್ದೆ. ಬೇರೆ ಮಾತುಗಳು ಹಿಂತಿರುಗಿದಾಗ ಅವು ಬಂದದ್ದು ಅದೇ ಜಾಗಕ್ಕೆ, ಅದೇ ಹೊತ್ತಿಗೆ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ದಾರವನ್ನು ಇಂದು ಬೆಳಿಗ್ಗೆ ತೆಗೆದು 121ನೆಯ ಕೀರ್ತನೆಯಲ್ಲಿ ಇಟ್ಟಿದ್ದೇನೆ. ‘ನಿನ್ನ ಪಾದ ಕದಲಗೊಡಿಸನು’ ಎಂಬಲ್ಲಿಗೆ ಬಂದಾಗ ಧ್ವನಿ ಕಟ್ಟಿತು, ಸ್ವಲ್ಪ ಹೊತ್ತು ಸುಮ್ಮನಿದ್ದು ಉಳಿದ ವಚನಗಳನ್ನು ಓದಿ ಮುಗಿಸಿದೆ.