ನ್ಯೂಜಿಲೆಂಡ್‌ನ ಸಿವಿಲ್ ಡಿಫೆನ್ಸ್ ಪ್ಲಾನ್ ಅಪ್‌ಡೇಟ್: ನಾವು ಏನು ಬರೆದು ಕಳಿಸಬೇಕು?

ಪ್ರಶ್ನೆ: ನಮ್ಮ ಪ್ರಾಂತ್ಯದ ಸಿವಿಲ್ ಡಿಫೆನ್ಸ್ ಪ್ಲಾನ್, ಅಂದರೆ ಭೂಕಂಪ, ಚಂಡಮಾರುತದಂಥ ವಿಪತ್ತಿನ ಎಮರ್ಜೆನ್ಸಿ ಪ್ಲಾನ್, ಅಪ್‌ಡೇಟ್ ಆಗ್ತಿದೆ, ಅಭಿಪ್ರಾಯ ಕಳಿಸಿ ಅಂತಿದ್ದಾರೆ. ಡ್ರಾಫ್ಟ್ ಓದಿದೆ, ಅರ್ಧ ತಲೆಗೆ ಹೋಗಲಿಲ್ಲ. ಸಾಮಾನ್ಯ ಜನ ಹೇಳಿದ್ದನ್ನ ಯಾರಾದರೂ ಓದುತ್ತಾರಾ, ಅಥವಾ ಸುಮ್ನೆ ಶಾಸ್ತ್ರಕ್ಕಾ?

ಉತ್ತರ 1: ಶಾಸ್ತ್ರಕ್ಕಲ್ಲ, ಅದು 2002ರ ಸಿವಿಲ್ ಡಿಫೆನ್ಸ್ ಕಾಯ್ದೆಯಲ್ಲೇ ಇದೆ. ಪ್ಲಾನ್ ಜಾರಿಗೆ ಬಂದು 5 ವರ್ಷ ಆದರೆ ರಿವ್ಯೂ ಮಾಡಲೇಬೇಕು, ಜನರ ಮಾತು ಕೇಳಲೇಬೇಕು. ಡ್ರಾಫ್ಟ್ ಸಚಿವರ ಹತ್ತಿರವೂ ಹೋಗುತ್ತದೆ. ಅಪಾಯ ತಗ್ಗಿಸುವುದು, ಸಿದ್ಧತೆ, ಸ್ಪಂದನೆ, ಚೇತರಿಕೆ ಅಂತ ನಾಲ್ಕು ಭಾಗ ಇರುತ್ತವಲ್ಲ, ಕೊನೆಯದನ್ನ ಜಾಸ್ತಿ ಗಮನಿಸಿ. ಎಲ್ಲರೂ ಸೈರನ್ ಬಗ್ಗೆ ಬರೀತಾರೆ, ಆರು ತಿಂಗಳಾದ ಮೇಲೂ ಮನೆ ಇಲ್ಲದವರ ಬಗ್ಗೆ ಯಾರೂ ಬರೆಯಲ್ಲ.

ಉತ್ತರ 2: 2023ರ ಫೆಬ್ರವರಿಯ ಗೇಬ್ರಿಯಲ್ ಚಂಡಮಾರುತ ನೆನಪಿಸಿಕೊಳ್ಳಿ. ಹಾಕ್ಸ್ ಬೇ ಪ್ರಾಂತ್ಯದಲ್ಲಿ ಸಬ್‌ಸ್ಟೇಷನ್‌ಗೆ ನೀರು ನುಗ್ಗಿ ನೇಪಿಯರ್ ನಗರಕ್ಕೆ ಕರೆಂಟ್ ಹೋಯ್ತು, ಫೋನ್ ಹೋಯ್ತು, ಸೇತುವೆಗಳು ಕೊಚ್ಚಿ ಹೋದವು, ಎಲ್ಲಾ ಒಟ್ಟಿಗೇ. ಹಾಗಾಗಿ ನನ್ನ ಪ್ರಶ್ನೆ ಒಂದೇ: ಮೊಬೈಲ್ ಸತ್ತಾಗ ಎಚ್ಚರಿಕೆ ಹೇಗೆ ತಲುಪುತ್ತದೆ? ಅದಕ್ಕೆ ಡ್ರಾಫ್ಟ್‌ನಲ್ಲಿ ನೇರ ಉತ್ತರ ಇಲ್ಲದಿದ್ದರೆ ಅದನ್ನೇ ಬರೆಯಿರಿ.

ಉತ್ತರ 3: ಎಚ್ಚರಿಕೆ, ಮಾಹಿತಿ ಯಾವ ಭಾಷೆಯಲ್ಲಿ ಸಿಗುತ್ತೆ ಅನ್ನೋದರ ಬಗ್ಗೆಯೂ ಬರೆಯಿರಿ. ಸುನಾಮಿಗೆ ಇಲ್ಲಿನ ನಿಯಮ ಸರಳ: ಭೂಕಂಪ ಒಂದು ನಿಮಿಷಕ್ಕಿಂತ ಉದ್ದ ಆದರೆ, ಅಥವಾ ನಿಲ್ಲೋಕೇ ಆಗದಷ್ಟು ಜೋರಾದರೆ, ಕರಾವಳಿಯವರು ಸೈರನ್‌ಗೆ ಕಾಯದೆ ಎತ್ತರಕ್ಕೆ ಹೋಗಬೇಕು. ಊರಿಂದ ಬಂದ, ಇಂಗ್ಲಿಷ್ ಬಾರದ ಅಪ್ಪ ಅಮ್ಮನಿಗೆ ಇದು ಗೊತ್ತಿರುತ್ತಾ?

ಪ್ರಶ್ನೆ ಕೇಳಿದವರು: ನನ್ನ ಅಮ್ಮನಿಗೆ ಗೊತ್ತಿಲ್ಲ. ಇವತ್ತೇ ಹೇಳ್ತೀನಿ, ಆಮೇಲೆ ಬರೀತೀನಿ.